ಅಪ್‌ಡೇಟ್: ಅಜ್ಜಿಯ ನೆನಪಿಗೆ ಗವಿಮಠದ ದಾಸೋಹಕ್ಕೆ ರೊಟ್ಟಿ

ಲಿಂಗೈಕ್ಯರಾದ ನಮ್ಮ ಅಜ್ಜಿ ಓಣಿಯ ಹೆಣ್ಮಕ್ಕಳನ್ನೆಲ್ಲ ಕೂಡಿಸಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ರೊಟ್ಟಿ ಬಡಿದು ಕಳಿಸುತ್ತಿದ್ದರು. ಆ ಸೇವೆ ಮುಂದುವರಿಸಬೇಕು, ರೊಟ್ಟಿಗೆ ಬೂಸು ಹಿಡಿಯದಂತೆ ಏನು ಮಾಡಬೇಕು ಎಂದು ಕೇಳಿದ್ದೆ. ಉತ್ತರ ಕೊಟ್ಟ ಅಕ್ಕಂದಿರಿಗೆ ಶರಣು. ಈ ಸಲದ ರೊಟ್ಟಿ ಚೆನ್ನಾಗಿ ಬಂದು ಮಠ ಸೇರಿವೆ.

ಮುಖ್ಯ ಹಿಟ್ಟು. ಹಿಂಗಾರಿ ಬಿಳಿಜೋಳವನ್ನು ಆಗಾಗ ಬೇಕಾದಷ್ಟೇ ಬೀಸಿಸಬೇಕು. ಹಳೆ ಹಿಟ್ಟಿಗೆ ಜಿಗಿ ಇರದೆ ಅಂಚು ಸೀಳುತ್ತದೆ. ಕುದಿಯುವ ಎಸರು ಹಾಕಿ ಚೆನ್ನಾಗಿ ನಾದಿ, ತೆಳ್ಳಗೆ ಬಡಿದರೆ ಕೆಜಿಗೆ ಇಪ್ಪತ್ತರ ಮೇಲೆ ಆಗುತ್ತವೆ. ಹಂಚಿನ ಮೇಲೆ ಅರಿವೆಯಿಂದ ಅಂಚು ಒತ್ತಿ ಒತ್ತಿ ಸುಡಬೇಕು, ಬೂಸು ಮೊದಲು ಹಿಡಿಯುವುದು ಹಸಿ ಉಳಿದ ದಪ್ಪ ಅಂಚಿಗೇ.

ಬಿಸಿ ಇದ್ದಾಗ ಒಂದರ ಮೇಲೊಂದು ಪೇರಿಸಬೇಡಿ, ಉಗಿ ಒಳಗೇ ನಿಂತು ಮೆತ್ತಗಾಗುತ್ತವೆ. ಬಿಡಿಬಿಡಿಯಾಗಿ ಹರವಿ, ಮುರಿದರೆ ಕಟಕ್ಕೆನ್ನುವವರೆಗೆ ಆರಿಸಿ, ಹತ್ತಿಬಟ್ಟೆಯಲ್ಲಿ ಕಟ್ಟಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ.

ತೇರು ಪುಷ್ಯ ಬಹುಳ ಬಿದಿಗೆಗೆ. ಬುಟ್ಟಿಗಳನ್ನು ಟ್ರ್ಯಾಕ್ಟರ್‌ನಲ್ಲಿ ಒತ್ತೊತ್ತಾಗಿ ಇಡಿ, ಅಲುಗಿದರೆ ಅರ್ಧ ಪುಡಿ. ನಮ್ಮ ಬುಟ್ಟಿಗಳ ಮೇಲೆ ಅಜ್ಜಿಯ ಹೆಸರು ಬರೆಯಲಿಲ್ಲ, ಓಣಿಯ ಹೆಸರಷ್ಟೇ. ಅವರು ಮಾಡುತ್ತಿದ್ದದ್ದೂ ಹಾಗೆಯೇ.