ಸಹಾಯ ಬೇಕು: ಪುಣೆಯಲ್ಲಿ ಪಿಎಲ್‌ಜಿಎಫ್ ಟೆಸ್ಟ್ ಎಲ್ಲಿ ಮಾಡುತ್ತಾರೆ?

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದವರು, ಈಗ ಕೋಥ್ರೂಡ್‌ನಲ್ಲಿದ್ದೇವೆ. ನನ್ನ ತಂಗಿ ಚೊಚ್ಚಲ ಬಸುರಿ, 12 ವಾರ ತುಂಬಿದೆ. ನಿನ್ನೆ ಡಬಲ್ ಮಾರ್ಕರ್ ರಕ್ತಪರೀಕ್ಷೆಯ ರಿಪೋರ್ಟ್ ಬಂತು. ಡೌನ್ ಸಿಂಡ್ರೋಮ್ ರಿಸ್ಕ್ ಕಡಿಮೆ ಇದೆ. ಆದರೆ ಪ್ಯಾಪ್-ಎ 0.35 ಎಂಒಎಂ ಅಂತಿದೆ. ಅಂದರೆ ಅಷ್ಟೇ ದಿನ ತುಂಬಿದ ಬಸುರಿಯರಲ್ಲಿ ಸಾಮಾನ್ಯವಾಗಿ ಇರುವುದರ ಮೂರನೇ ಒಂದು ಪಾಲಿನಷ್ಟು.

ಪ್ಯಾಪ್-ಎ ಅಂದರೆ ಮಾಸು ತಯಾರಿಸುವ ಒಂದು ಪ್ರೋಟೀನ್. ಕಡಿಮೆ ಇದ್ದರೆ ಮುಂದೆ ಬಿಪಿ ಏರಿ ತಾಯಿಗೂ ಮಗುವಿಗೂ ಅಪಾಯ ತರುವ ಪ್ರಿಎಕ್ಲಾಂಪ್ಸಿಯಾ ಆಗುವ ಸಾಧ್ಯತೆ ಸ್ವಲ್ಪ ಜಾಸ್ತಿ. ಇದೊಂದನ್ನೇ ನೋಡಿ ಹೇಳಲು ಆಗುವುದಿಲ್ಲ, ಅಲ್ವಾ? ಎರಡೂ ತೋಳಿನ ಬಿಪಿ, ಗರ್ಭಕೋಶದ ರಕ್ತನಾಳದ ಡಾಪ್ಲರ್ ಸ್ಕ್ಯಾನ್, ಪಿಎಲ್‌ಜಿಎಫ್ (ಮಾಸಿನದೇ ಇನ್ನೊಂದು ಪ್ರೋಟೀನ್) ರಕ್ತಪರೀಕ್ಷೆ, ಮನೆಯವರ ಹಿನ್ನೆಲೆ ಎಲ್ಲ ಸೇರಿಸಿದರೆ ಅಂದಾಜು ಗಟ್ಟಿಯಾಗುತ್ತದೆ. ನಮ್ಮಮ್ಮನಿಗೆ ಇವಳನ್ನು ಹೆರುವಾಗ ಇದೇ ತೊಂದರೆ ಆಗಿತ್ತು. ಏಳೂವರೆ ತಿಂಗಳಿಗೇ ಹೆರಿಗೆ. ಅದಕ್ಕೇ ಇಷ್ಟು ಹೆದರಿಕೆ. ನಾವು ತೋರಿಸಿದ ಕಡೆ ಚಿಂತೆ ಬೇಡ ಎಂದು ಸುಮ್ನೆ ಕಳಿಸಿಬಿಟ್ಟರು.

ಅವಸರ ಯಾಕೆಂದರೆ, ರಿಸ್ಕ್ ಜಾಸ್ತಿ ಬಂದರೆ ಡಾಕ್ಟರು ಕಡಿಮೆ ಡೋಸ್ ಆಸ್ಪಿರಿನ್ ಕೊಡುತ್ತಾರೆ. ಅದನ್ನು 16 ವಾರದೊಳಗೆ ಶುರುಮಾಡಬೇಕು. 2017ರ ಆಸ್ಪ್ರೆ ಅಧ್ಯಯನದಲ್ಲಿ ರಾತ್ರಿ 150 ಮಿಲಿಗ್ರಾಂ ತೆಗೆದುಕೊಂಡವರಲ್ಲಿ, 37 ವಾರಕ್ಕೆ ಮುಂಚೆ ಹೆರಿಗೆ ಮಾಡಿಸಬೇಕಾಗುವಂಥ ಪ್ರಿಎಕ್ಲಾಂಪ್ಸಿಯಾ ಅರ್ಧಕ್ಕಿಂತ ಜಾಸ್ತಿ ಇಳಿದಿತ್ತು. ಡಾಕ್ಟರು ಹೇಳದೆ ನಾವು ಗುಳಿಗೆ ಕೊಡುವುದಿಲ್ಲ.

ಇಷ್ಟೂ ಪರೀಕ್ಷೆ ಒಂದೇ ಕಡೆ ಮಾಡುವ ಫೀಟಲ್ ಮೆಡಿಸಿನ್ (ಹೊಟ್ಟೆಯೊಳಗಿನ ಮಗುವಿನ ತಜ್ಞ) ಡಾಕ್ಟರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕನ್ನಡ ಬರುವವರಾದರೆ ಅಮ್ಮನಿಗೂ ಧೈರ್ಯ. ಖರ್ಚು ಎಷ್ಟಾಯಿತು ಅಂತಲೂ ಹೇಳಿ. ಈ ಸ್ಕ್ರೀನಿಂಗ್‌ಗೆ 13 ವಾರ 6 ದಿನದವರೆಗೆ ಮಾತ್ರ ಸಮಯ. ನಮ್ಮ ಕೈಯಲ್ಲಿ ಇನ್ನು ಹತ್ತೇ ದಿನ ಇದೆ.