ಗುಲ್ಮಾರ್ಗ್‌ನಲ್ಲಿ ಎಳೆಯುವ ಲಿಫ್ಟ್ ಹತ್ತಿದವರು ಇದ್ದೀರಾ? ಅನುಭವ ಹೇಳಿ

ಸುರತ್ಕಲ್ ಅಮ್ಮ:
ಫೆಬ್ರುವರಿ ಎರಡನೇ ವಾರ ನಾನು, ನಮ್ಮವರು, ಹತ್ತು ವರ್ಷದ ಮಗಳು ಗುಲ್ಮಾರ್ಗ್‌ಗೆ ಹೋಗುತ್ತಿದ್ದೇವೆ. ಐದು ದಿನ ಸ್ಕೀ ಕಲಿಯಬೇಕು ಅಂತ ಆಸೆ. ಗೊಂಡೋಲಾ, ಅಂದರೆ ಕೇಬಲ್ ಕಾರ್ ವಿಷಯ ಬೇಡ, ಅದು ಗೊತ್ತುಂಟು. ನನಗೆ ಹೆದರಿಕೆ ಇರುವುದು ಸ್ಕೀ ಕಟ್ಟಿಕೊಂಡು ಹಿಮದ ಮೇಲೆಯೇ ಎಳೆಸಿಕೊಂಡು ಹೋಗುವ ಲಿಫ್ಟ್‌ದು. ಹಿಂದೊಮ್ಮೆ ಸ್ಕೂಟರ್‌ನಿಂದ ಬಿದ್ದು ಎಡ ಮೊಣಕಾಲಿಗೆ ಪೆಟ್ಟಾಗಿತ್ತು. ಮೊದಲ ದಿನವೇ ಲಿಫ್ಟ್ ಹತ್ತಬಹುದಾ? ಇಲ್ಲ ಎರಡು ದಿನ ನಡೆದೇ ಹತ್ತಿ ಕಲಿಯುವುದಾ? ಹೋಗಿ ಬಂದವರು ಹೇಳಿ.

ಬಿಜೈ ಬೆಟ್ಟಪ್ರೇಮಿ:
ಅಕ್ಕ, ಮೊದಲು ಹಿಮ ಉಂಟಾ ಅಂತ ವಿಚಾರಿಸಿ. ನಾನು 2024ರ ಜನವರಿಯಲ್ಲಿ ಹೋದವನು. ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಕಾಶ್ಮೀರದ ಗಟ್ಟಿ ಚಳಿ, ಆಗ ಹಿಮ ಗ್ಯಾರಂಟಿ ಅಂತ ಎಲ್ಲರೂ ಹೇಳಿದ್ದರು. ಆ ವರ್ಷ ಜನವರಿಯಲ್ಲಿ ನಾನು ನೋಡಿದ್ದು ಒಣಹುಲ್ಲು. ಬಜ್ಪೆಯಿಂದ ಶ್ರೀನಗರಕ್ಕೆ ಹೋಗಿ ಬರಲು ತಲೆಗೆ 23,400, ಇಬ್ಬರಿಗೆ 46,800. ಹೋಟೆಲಿಗೆ ಕೊಟ್ಟ ಮುಂಗಡ 18,000 ವಾಪಸ್ ಬರಲಿಲ್ಲ. ಹೆಂಡತಿಗೆ ಕೊಂಡ ಜಾಕೆಟ್ 6,200. ಒಟ್ಟು 71,000 ಹೋಯಿತು. ಒಂದು ದಿನವೂ ಸ್ಕೀ ಕಟ್ಟಲಿಲ್ಲ. ಈಗಲೂ ನೆನೆಸಿದರೆ ಹೊಟ್ಟೆ ಉರಿಯುತ್ತದೆ.

ಹಟ ಬಿಡದೆ 2025ರ ಮಾರ್ಚ್‌ನಲ್ಲಿ ಮತ್ತೆ ಹೋದೆ. ಆ ವರ್ಷ ಹಿಮ ಸಾಲದೆ ಖೇಲೊ ಇಂಡಿಯಾ ಚಳಿಗಾಲದ ಕೂಟವನ್ನೇ ಫೆಬ್ರುವರಿಯಿಂದ ಮಾರ್ಚ್‌ಗೆ ಮುಂದೂಡಿದ್ದರು. ಈ ಸಲ ಸಿಕ್ಕಿತು. ಮೊದಲ ದಿನ ಮಧ್ಯಾಹ್ನವೇ ಲಿಫ್ಟ್ ಹತ್ತಿದೆ. ಅದು ಬಟನ್ ಲಿಫ್ಟ್, ಕೆಲವರು ಪೋಮಾ ಅನ್ನುತ್ತಾರೆ. ಮೇಲಿನ ಕೇಬಲಿನಿಂದ ಒಂದು ಸರಳು ಇಳಿದಿರುತ್ತದೆ, ತುದಿಯಲ್ಲಿ ತಟ್ಟೆ. ಸರಳನ್ನು ಕಾಲುಗಳ ನಡುವೆ ಹಾಕಬೇಕು, ತಟ್ಟೆ ಹಿಂದಿನಿಂದ ನಮ್ಮನ್ನು ದೂಡುತ್ತದೆ. ನಾನು ಮಾಡಿದ ತಪ್ಪು ಎಂತ ಅಂದರೆ, ಕುಳಿತೆ! ಕುಳಿತರೆ ಒಳಗಿನ ಸ್ಪ್ರಿಂಗ್ ಉದ್ದಕ್ಕೆ ಬಂದು ಸೀದಾ ನೆಲಕ್ಕೆ. ನಾಲ್ಕು ಸಲ ಬಿದ್ದೆ. ಐದನೇ ಸಲ ನಿಂತೇ ಹೋದೆ, ಮೇಲೆ ಮುಟ್ಟಿದೆ. ಆ ದಿನದ ಖುಷಿ ಆ 71,000ದ ನೋವನ್ನು ಅರ್ಧ ಮರೆಸಿತು.

ಕಾಪು ಕಡಲು:
ಬಿಜೈಯವರೇ, ನಾಲ್ಕು ಸಲ ಬಿದ್ದೆ ಅಂತ ಸಲೀಸಾಗಿ ಬರೆದಿರಿ. ನಾನು ಒಂದೇ ಸಲ ಬಿದ್ದದ್ದು.

ಬಾಡಿಗೆಗೆ ಸ್ಕೀ ಕೊಟ್ಟವನು ನನ್ನ ತೂಕ ಕೇಳಲೇ ಇಲ್ಲ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಅನ್ನು ತೂಕ, ಎತ್ತರ, ಬೂಟಿನ ಅಡಿಯ ಉದ್ದ, ಎಷ್ಟು ಕಲಿತಿದ್ದೀರಿ ಅನ್ನುವುದನ್ನು ನೋಡಿ ಹೊಂದಿಸಬೇಕು. ಬಿಗಿ ಜಾಸ್ತಿಯಾದರೆ ಬಿದ್ದಾಗ ಸ್ಕೀ ಕಳಚುವುದಿಲ್ಲ. ನನಗೆ ಆದದ್ದು ಅದೇ. ಲಿಫ್ಟ್‌ನ ದಾರಿಯಲ್ಲಿ ಹಿಮ ಸವೆದು ಚಡಿ ಬಿದ್ದಿತ್ತು. ಎಡ ಸ್ಕೀಯ ತುದಿ ಬಲದ ಮೇಲೆ ಹತ್ತಿತು. ಬಿದ್ದೆ. ಗಾಬರಿಯಲ್ಲಿ ಸರಳು ಬಿಡಲಿಲ್ಲ, ಅದು ಹತ್ತು ಮೀಟರ್ ಎಳೆದುಕೊಂಡು ಹೋಯಿತು. ಮೊಣಕಾಲಿನ ಒಳಬದಿಯ ಲಿಗಮೆಂಟ್ ಹರಿಯಿತು.

ಕೆಳಗೆ ತಂದ ಸ್ಲೆಡ್ಜ್‌ಗೆ 1,500. ಎಕ್ಸ್‌ರೇ 400. ಶ್ರೀನಗರಕ್ಕೆ ಟ್ಯಾಕ್ಸಿ 4,000. ವಿಮಾನದ ದಿನ ಬದಲಿಸಲು 9,700. ಊರಿಗೆ ಬಂದು ಎಂಆರ್‌ಐ 7,500, ಮೊಣಕಾಲಿನ ಪಟ್ಟಿ 2,800, ಫಿಸಿಯೊ 22 ಸಲ, 500ರಂತೆ 11,000. ಒಟ್ಟು 36,900. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿದ್ದೆ. ಸಾಹಸ ಕ್ರೀಡೆ ಸೇರಿಲ್ಲ ಅಂತ ಒಂದು ಸಾಲಿನ ಉತ್ತರ ಬಂತು, ಒಂದು ರೂಪಾಯಿ ಕೊಡಲಿಲ್ಲ. ಎರಡು ವರ್ಷ ಆಯಿತು, ಈಗಲೂ ಮೀನು ಮಾರ್ಕೆಟಿನ ಮೆಟ್ಟಿಲು ಇಳಿಯುವಾಗ ಚುಳ್ ಅನ್ನುತ್ತದೆ.

ಎರಡು ದಿನ ಲಿಫ್ಟ್ ಮುಟ್ಟಬೇಡಿ. ಏಡಿ ಹೋಗುವ ಹಾಗೆ ಅಡ್ಡಡ್ಡ ಹೆಜ್ಜೆ ಇಟ್ಟು ಹತ್ತಿ. ಸ್ಕೀ ಮೇಲೆ ಹಿಡಿತ ಬರುವುದು ಹಾಗೆಯೇ.

ಬಿಜೈ ಬೆಟ್ಟಪ್ರೇಮಿ:
ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಈ ಸಲಹೆ ಒಪ್ಪುವುದಿಲ್ಲ. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿ ಉಂಟು. ನಾವು ಸಮುದ್ರದ ಬದಿಯಿಂದ ಹೋದವರು. ಆ ಬೂಟಿನಲ್ಲಿ ಇಪ್ಪತ್ತು ಸಲ ಹತ್ತಿದರೆ ಉಸಿರೇ ಇರುವುದಿಲ್ಲ. ಸುಸ್ತಾದ ಕಾಲಿಗೇ ಪೆಟ್ಟು ಜಾಸ್ತಿ. ನಿಮ್ಮ ಕಾಲು ಹೋದದ್ದು ಬೈಂಡಿಂಗ್‌ನಿಂದ, ಸರಳು ಬಿಡದೆ ಇದ್ದದ್ದರಿಂದ. ಲಿಫ್ಟ್‌ನ ತಪ್ಪಲ್ಲ.

ಕಾಪು ಕಡಲು:
ನಿಮ್ಮ ಕಾಲು ಸರಿ ಉಂಟಲ್ಲ, ಹಾಗಾಗಿ ತಪ್ಪು ಯಾರದ್ದು ಅಂತ ಅಲ್ಲಿ ಕುಳಿತು ಹೇಳಬಹುದು.

ದುಬೈ ಕುಡ್ಲದವ:
ಜಗಳ ಯಾಕೆ ಮಾರಾಯ್ರೆ? ನಾನು ಕಲಿತದ್ದು ಸ್ಕೀ ದುಬೈಯಲ್ಲಿ, ಮಾಲ್ ಆಫ್ ದಿ ಎಮಿರೇಟ್ಸ್ ಒಳಗೆ. 2005ರಿಂದ ಉಂಟು. ಹೊರಗೆ 42 ಡಿಗ್ರಿ, ಒಳಗೆ ಸೊನ್ನೆಗಿಂತ ಕೆಳಗೆ. ಉದ್ದದ ಇಳಿಜಾರು 400 ಮೀಟರ್. ಕುರ್ಚಿ ಲಿಫ್ಟ್ ಉಂಟು, ಎಳೆಯುವ ಲಿಫ್ಟೂ ಉಂಟು. ಚಡಿ ಇಲ್ಲ, ಗಾಳಿ ಇಲ್ಲ. ಆರು ಶುಕ್ರವಾರ ಹೋದೆ, ಪಾಠಕ್ಕೆ ಸುಮಾರು 300 ದಿರ್ಹಾಮ್‌ನಂತೆ 1,800 ದಿರ್ಹಾಮ್. ಆಮೇಲೆ ಗುಲ್ಮಾರ್ಗ್‌ಗೆ ಹೋದಾಗ ಒಂದು ಸಲವೂ ಲಿಫ್ಟ್‌ನಿಂದ ಬೀಳಲಿಲ್ಲ. ಅಕ್ಕ, ನಿಮಗೆ ಗಲ್ಫ್‌ನಲ್ಲಿ ನೆಂಟರಿದ್ದರೆ ಮೊದಲು ಇಲ್ಲಿಗೆ ಬನ್ನಿ.

ಉಡುಪಿ ರಥಬೀದಿ:
ಸ್ಕೀ ಕಲಿಯಲು ದುಬೈಗೆ ಹೋಗಬೇಕಾ? ಎಲ್ಲರ ಹತ್ತಿರ ದಿರ್ಹಾಮ್ ಇಲ್ಲ. ನಾನು 2019ರಲ್ಲಿ ಉತ್ತರಾಖಂಡದ ಔಲಿಗೆ ಹೋದೆ. ಉಡುಪಿಯಿಂದ ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿ, ಅಲ್ಲಿಂದ ಹರಿದ್ವಾರ, ಬಸ್ಸಲ್ಲಿ ಜೋಶಿಮಠ. ಅಲ್ಲಿಂದ ಸುಮಾರು ನಾಲ್ಕು ಕಿಲೋಮೀಟರ್ ರೋಪ್‌ವೇ. ಇಡೀ ಪ್ರವಾಸ 31,000ದಲ್ಲಿ ಮುಗಿಯಿತು, ಅವಲಕ್ಕಿ, ಉಪ್ಪಿನಕಾಯಿ ಮನೆಯಿಂದಲೇ ಒಯ್ದಿದ್ದೆವು. ಎಳೆಯುವ ಲಿಫ್ಟ್ ಎರಡನೇ ದಿನ ಬಂತು. ನಮ್ಮ ಕಂಬಳದಲ್ಲಿ ಹಗ್ಗ ಹಿಡಿದು ಕೋಣದ ಹಿಂದೆ ಹೋಗುವ ಹಾಗೆಯೇ. ಹೆದರಲು ಏನೂ ಇಲ್ಲ.

ದುಬೈ ಕುಡ್ಲದವ:
ನಾನು ದುಡಿದ ದಿರ್ಹಾಮ್ ಅಣ್ಣ, ಬಿಟ್ಟಿ ಬಂದದ್ದಲ್ಲ. ಮತ್ತೆ 2019ರ ಲೆಕ್ಕ ಈಗ ಹೇಳಬೇಡಿ. 2023ರ ಜನವರಿಯಲ್ಲಿ ಜೋಶಿಮಠದಲ್ಲಿ ನೆಲ ಕುಸಿದು ಮನೆಗಳು ಬಿರುಕು ಬಿಟ್ಟವು, ಆಗಲೇ ಆ ರೋಪ್‌ವೇ ನಿಲ್ಲಿಸಿದರು. ಅದನ್ನು ನಂಬಿ ಹೋದರೆ ಮಕ್ಕಳನ್ನು ಕಟ್ಟಿಕೊಂಡು ಒದ್ದಾಡಬೇಕು.

ಕಾರ್ಕಳ ಕರೆ:
ಕಂಬಳದ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ರಥಬೀದಿಯವರೇ, ಗೊತ್ತಿಲ್ಲದೆ ಹೋಲಿಸಬೇಡಿ. ಹಗ್ಗದ ವಿಭಾಗದಲ್ಲಿ ಓಡಿಸುವವನು ಕೋಣಗಳ ಹಿಂದೆ ಓಡುತ್ತಾನೆ, ಎಳೆಸಿಕೊಳ್ಳುವುದಿಲ್ಲ. ನೇಗಿಲಿನಲ್ಲೂ ಓಟವೇ. ನಿಂತು ಹೋಗುವುದು ಅಡ್ಡ ಹಲಗೆಯಲ್ಲಿ, ಕೋಣಗಳು ಎಳೆಯುವ ಹಲಗೆಯ ಮೇಲೆ. ಲಿಫ್ಟ್‌ಗೆ ಹತ್ತಿರ ಬರುವುದು ಅದು. ನಾನು ಹನ್ನೊಂದು ವರ್ಷ ಕರೆಗೆ, ಅಂದರೆ ಕಂಬಳದ ಕೆಸರು ಗದ್ದೆಗೆ ಇಳಿದವನು, ಮನಾಲಿ ಬದಿಯ ಸೋಲಂಗ್‌ನಲ್ಲಿ ಸ್ಕೀಯನ್ನೂ ಕಟ್ಟಿದವನು. ಮೊಣಕಾಲು ಸ್ವಲ್ಪ ಬಗ್ಗಿರಬೇಕು, ಭಾರ ಪಾದದ ಮೇಲೆ, ಕಣ್ಣು ಮುಂದೆ. ಕೈಯಲ್ಲಿ ಜೋತು ಬಿದ್ದವನು ಎರಡೂ ಕಡೆ ಬೀಳುತ್ತಾನೆ.

ಉಡುಪಿ ರಥಬೀದಿ:
ನಾನೂ ಚಿಕ್ಕಂದಿನಿಂದ ಕಂಬಳ ನೋಡಿದವನೇ. ಒಂದು ಮಾತಿಗೆ ಇಷ್ಟು ಸಿಟ್ಟು ಬೇಡ.

ಕಾರ್ಕಳ ಕರೆ:
ನೋಡುವುದು ಬೇರೆ, ಇಳಿಯುವುದು ಬೇರೆ.

ಮಣಿಪಾಲ ಟೀಚರ್:
ಮಗ ಮ್ಯೂನಿಕ್‌ನಲ್ಲಿ ಇದ್ದಾಗ ನಾವು ಆಸ್ಟ್ರಿಯಾಕ್ಕೆ ಹೋಗಿದ್ದೆವು. ಅಲ್ಲಿ ಟಿ-ಬಾರ್, ತಲೆಕೆಳಗಾದ ಟಿ ಅಕ್ಷರದ ಹಾಗಿರುವ ಸರಳಿನ ಎಳೆಯುವ ಲಿಫ್ಟ್. ಇಬ್ಬರು ಅಕ್ಕಪಕ್ಕ ನಿಂತು ಹೋಗುವಂಥದ್ದು. 1934ರಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಕಾನ್‌ಸ್ಟಾಮ್ ಅನ್ನುವ ಎಂಜಿನಿಯರ್ ಈ ಬಗೆಯ ಲಿಫ್ಟ್ ಶುರು ಮಾಡಿದ್ದು. ನಮ್ಮ ಯಜಮಾನರು ಆರು ಅಡಿ, ನಾನು ಐದು ಅಡಿ. ಬಾರ್ ಅವರಿಗೆ ತೊಡೆಗೆ ಬಂದರೆ ನನಗೆ ಸೊಂಟಕ್ಕೆ. ಅವರು ನೆಟ್ಟಗೆ ನಿಂತರೆ ನಾನು ಮೇಲೆ ಹೋಗುತ್ತಿದ್ದೆ! ಅರ್ಧ ದಾರಿಯಲ್ಲಿ ಇಬ್ಬರೂ ಬಿದ್ದೆವು. ಹಿಂದಿನ ಜೋಡಿ ಬರುತ್ತಿತ್ತು, ನಾನು ಬಿದ್ದಲ್ಲೇ ಚಳಿಯಲ್ಲಿ ಅಳುತ್ತಿದ್ದೆ. ಲಿಫ್ಟ್‌ನವರು ಓಡಿ ಬಂದು ನಿಲ್ಲಿಸಿದರು. ಸುರತ್ಕಲ್ ತಂಗಿ, ಬಿದ್ದರೆ ಮೊದಲು ಸರಳು ಬಿಡಿ, ಆಮೇಲೆ ಉರುಳಿಯಾದರೂ ದಾರಿಯಿಂದ ಪಕ್ಕಕ್ಕೆ ಹೋಗಿ. ಶಾಲು, ದುಪಟ್ಟಾ ಜಾಕೆಟ್ ಒಳಗೆ ಸಿಕ್ಕಿಸಿ. ಕೋಲು ಎರಡನ್ನೂ ಒಂದೇ ಕೈಯಲ್ಲಿ ಹಿಡಿಯಿರಿ, ಅದರ ಪಟ್ಟಿ ಮಣಿಕಟ್ಟಿಗೆ ಬೇಡ.

ಆ ಹೊತ್ತಿಗೆ ನನಗೆ ಹಿಡಿಸಿದ್ದು ಮಕ್ಕಳ ಬದಿಯ ಮ್ಯಾಜಿಕ್ ಕಾರ್ಪೆಟ್. ರಬ್ಬರ್ ಪಟ್ಟಿ, ಸುಮ್ನೆ ನಿಂತರೆ ಸಾಕು, ಅದೇ ಒಯ್ಯುತ್ತದೆ. ಉಳಿದ ಮೂರು ದಿನ ನಾನು ಅದರಲ್ಲೇ ಇದ್ದೆ, ಇಳಿಯುವುದನ್ನು ಅಲ್ಲೇ ಚೆನ್ನಾಗಿ ಕಲಿತೆ. ಅದಕ್ಕೆ ನಾಚಿಕೆ ಪಟ್ಟುಕೊಂಡಿಲ್ಲ.

ಬಿಜೈ ಬೆಟ್ಟಪ್ರೇಮಿ:
ಟೀಚರ್, ಕಾರ್ಪೆಟ್‌ನಲ್ಲಿ ಮೂರು ದಿನ ಕಳೆದರೆ ದೊಡ್ಡ ಇಳಿಜಾರು ಯಾವಾಗ ನೋಡುವುದು?

ಮಣಿಪಾಲ ಟೀಚರ್:
ನೋಡಲೇಬೇಕು ಅಂತ ಯಾರು ಹೇಳಿದ್ದು? ನನಗೆ 58 ವರ್ಷ ಆಗಿತ್ತು. ನಾನು ಕಲಿತದ್ದು ನನಗೆ ಸಾಕು.

ಸುರತ್ಕಲ್ ಅಮ್ಮ:
ಎಲ್ಲರಿಗೂ ಧನ್ಯವಾದ. ನನ್ನ ಮೊಣಕಾಲಿನ ವಿಷಯ ಮಾತ್ರ ಇನ್ನೂ ಗೊತ್ತಾಗಲಿಲ್ಲ. ಕಾಪು ಅಣ್ಣ, ನೀವಾದರೂ ಹೇಳಿ.

ಕಾಪು ಕಡಲು:
ತಂಗಿ, ಹೊರಡುವ ಮೊದಲೇ ಮೂಳೆ ಡಾಕ್ಟರಿಗೆ ತೋರಿಸಿ, ಸ್ಕೀ ಅಂತಲೇ ಹೇಳಿ ಕೇಳಿ. ಅವರು ಸರಿ ಅಂದರೆ ಮಾತ್ರ ಮುಂದಿನ ಮಾತು. ಬಾಡಿಗೆ ಅಂಗಡಿಯಲ್ಲಿ ನಿಮ್ಮ ನಿಜವಾದ ತೂಕ ಹೇಳಿ, ಬೈಂಡಿಂಗ್ ಹೊಂದಿಸುವುದನ್ನು ಎದುರಿಗೇ ನಿಂತು ನೋಡಿ. ಮಗಳದ್ದೂ ನೋಡಿ. ಇನ್ಶೂರೆನ್ಸ್‌ನಲ್ಲಿ ಸ್ಕೀ ಅನ್ನುವ ಪದ ಬರವಣಿಗೆಯಲ್ಲಿ ಇರಬೇಕು, ಬಾಯಿಮಾತು ಬೇಡ. ಲಿಫ್ಟ್ ಎಷ್ಟನೇ ದಿನ ಅನ್ನುವುದನ್ನು ಕಲಿಸುವವರಿಗೆ ಬಿಡಿ. ಮೊಣಕಾಲು ನೋಯಲು ಶುರುವಾದರೆ ಆ ದಿನ ನಿಲ್ಲಿಸಿಬಿಡಿ, ಕೊಟ್ಟ ದುಡ್ಡು ಹೋದರೆ ಹೋಗಲಿ. ನಾನು ಆ ದಿನ ಬೆಳಿಗ್ಗೆಯೇ ಸುಸ್ತಾಗಿದ್ದೆ. ಬಾಡಿಗೆ ಕೊಟ್ಟಾಗಿದೆಯಲ್ಲ ಅಂತ ಇನ್ನೊಂದು ಸಲ ಲಿಫ್ಟ್ ಹತ್ತಿದೆ.