ಡೈಮರ್‌ಗಳು ಚಿಪ್ಪು ಕಟ್ಟದೆ ಅತಿಥಿ ಕಣಗಳನ್ನೇ ಒಂದಕ್ಕೊಂದು ಅಂಟಿಸುತ್ತಿವೆ, ಏಕೆ?

ಪ್ರಶ್ನೆ: ಮಾಂಟೆ ಕಾರ್ಲೊ ಸಿಮ್ಯುಲೇಶನ್ (ಕಣಗಳನ್ನು ಯಾದೃಚ್ಛಿಕವಾಗಿ ಸರಿಸಿ, ಶಕ್ತಿಯ ಲೆಕ್ಕದಂತೆ ಆ ಚಲನೆಯನ್ನು ಒಪ್ಪುವ ಇಲ್ಲವೇ ತಿರಸ್ಕರಿಸುವ ವಿಧಾನ). ಡೈಮರ್ ಅಂದರೆ ಜೋಡಿಸಿದ ಎರಡು ಗೋಳಗಳು; ಅವು ಅತಿಥಿ ಎಂಬ ದೊಡ್ಡ ಕಣದ ಸುತ್ತ ಚಿಪ್ಪು ಕಟ್ಟಬೇಕು. ಅತಿಥಿ ಗೋಳದ ವ್ಯಾಸ 2. ಡೈಮರ್‌ನ ದೊಡ್ಡ ಗೋಳ 1, ಚಿಕ್ಕದು 0.33. ಆಕರ್ಷಣೆ ಇರುವುದು ಚಿಕ್ಕ ಗೋಳಕ್ಕೂ ಅತಿಥಿಗೂ ಮಾತ್ರ (ಸ್ಕ್ವೇರ್ ವೆಲ್, ಅಂದರೆ ನಿಗದಿತ ಅಂತರದೊಳಗಿದ್ದರೆ ಮಾತ್ರ ಶಕ್ತಿ ಒಂದೇ ಸಮ ಇಳಿಯುತ್ತದೆ; ಅಗಲ 0.5, ಆಳ 1), ಉಳಿದದ್ದೆಲ್ಲ ಗಟ್ಟಿ ಗೋಳ, ಒಂದರೊಳಗೊಂದು ನುಗ್ಗುವುದಿಲ್ಲ ಅಷ್ಟೆ. 50 ಅತಿಥಿ, 500 ಡೈಮರ್, ತಾಪಮಾನ (ವೆಲ್ ಆಳದ ಮಾನದಲ್ಲಿ) ಶುರುವಿನಿಂದಲೇ 0.1. ಕೊನೆಗೆ ಎಲ್ಲ ಸೇರಿ ಒಂದೇ ಮುದ್ದೆ.

ಉತ್ತರ 1: ಡೈಮರ್ ಸಾಲದು. ಚಿಪ್ಪು ತುಂಬಿದಾಗ ದೊಡ್ಡ ಗೋಳಗಳ ಕೇಂದ್ರ ಅತಿಥಿಯ ಕೇಂದ್ರದಿಂದ 1.83 ದೂರದಲ್ಲಿರುತ್ತದೆ. ಆ ಮೇಲ್ಮೈಯ ಮುಕ್ಕಾಲು ಭಾಗ ಮುಚ್ಚಿದರೂ ಒಂದು ಅತಿಥಿಗೆ ಸುಮಾರು 40 ಡೈಮರ್ ಬೇಕು, ನಿಮ್ಮಲ್ಲಿರುವುದು 10. ಬೋಳಾಗಿ ಉಳಿದ ಜಾಗಕ್ಕೆ ಪಕ್ಕದ ಅತಿಥಿಯ ಡೈಮರ್ ಬಂದು ಕಚ್ಚಿಕೊಳ್ಳುತ್ತದೆ. ಕನಿಷ್ಠ 2500 ಹಾಕಿ. ವೆಲ್ ಅಗಲವನ್ನೂ 0.1ಕ್ಕೆ ಇಳಿಸಿ: ಈಗ 1.3 ಅಂತರವಿರುವ ಎರಡು ಅತಿಥಿಗಳನ್ನೂ ಒಂದೇ ಚಿಕ್ಕ ಗೋಳ ಹಿಡಿಯಬಲ್ಲದು, ಆಗ ಆ ಅಂತರ ಸುಮಾರು 0.5ಕ್ಕೆ ಇಳಿಯುತ್ತದೆ.

ಉತ್ತರ 2: ಮೇಲಿನದು ಸರಿ, ಆದರೆ ನನ್ನ ಪ್ರಕಾರ ದೊಡ್ಡ ತೊಂದರೆ ತಾಪಮಾನದ್ದು. 0.1ರಲ್ಲಿ ಒಂದು ಬಂಧ ಕಳಚುವ ಚಲನೆ 22,000ಕ್ಕೆ ಒಂದು ಸಲ ಒಪ್ಪಿತವಾಗುತ್ತದೆ. ಎರಡು ಅತಿಥಿಗಳ ನಡುವೆ ಸೇತುವೆಯಾದ ಡೈಮರ್ ಎರಡನ್ನೂ ಒಟ್ಟಿಗೆ ಬಿಡಬೇಕಾದರೆ 48 ಕೋಟಿಗೆ ಒಂದು! ತಪ್ಪಾಗಿ ಅಂಟಿದ್ದು ಹಾಗೇ ಹೆಪ್ಪುಗಟ್ಟುತ್ತದೆ. 1ರಿಂದ ಶುರುಮಾಡಿ ಹಂತಹಂತವಾಗಿ 0.15ಕ್ಕೆ ಇಳಿಸಿ, ಶಕ್ತಿ ಸ್ಥಿರವಾಗದೆ ಮುಂದಿನ ಹಂತಕ್ಕೆ ಹೋಗಬೇಡಿ.

ಉತ್ತರ 3: ಚಿಪ್ಪು ಕಟ್ಟಿದ ಅತಿಥಿ ಬಿಡಿ ಚಲನೆಯಿಂದ ಅಲುಗುವುದಿಲ್ಲ, ಕ್ಲಸ್ಟರ್ ಚಲನೆ (ಅಂಟಿದ ಕಣಗಳ ಗುಂಪನ್ನೇ ಒಟ್ಟಿಗೆ ಸರಿಸುವುದು) ಸೇರಿಸಿ. ಸರಿದ ಮೇಲೆ ಕ್ಲಸ್ಟರಿಗೆ ಹೊಸ ಕಣ ಅಂಟಿದರೆ ಆ ಚಲನೆಯನ್ನು ತಿರಸ್ಕರಿಸಲೇಬೇಕು, ಇಲ್ಲದಿದ್ದರೆ ಡೀಟೇಲ್ಡ್ ಬ್ಯಾಲೆನ್ಸ್ (ಸಮತೋಲನದಲ್ಲಿ ಪ್ರತಿ ಚಲನೆಯೂ ಅದರ ಹಿಮ್ಮುಖ ಚಲನೆಯೂ ಸಮನಾಗಿ ನಡೆಯಬೇಕೆಂಬ ನಿಯಮ) ಮುರಿದು ಮುದ್ದೆಗಳು ಸುಳ್ಳುಸುಳ್ಳೇ ಬೆಳೆಯುತ್ತವೆ. ಎರಡು ಅತಿಥಿಗಳಿಗೆ ಅಂಟಿದ ಡೈಮರ್‌ಗಳ ಎಣಿಕೆಯನ್ನು ಪ್ರತಿ ಹಂತದಲ್ಲೂ ಬರೆದಿಡಿ. ಸೇತುವೆ ಯಾವ ತಾಪಮಾನದಲ್ಲಿ ಹುಟ್ಟುತ್ತಿದೆ ಎಂದು ಅದರಲ್ಲೇ ಗೊತ್ತಾಗುತ್ತದೆ.